ಲಂಡನ್‌ನಲ್ಲಿ ಜೇಬಿಗೆ ಭಾರವಾಗದ ಪಾಸ್ತಾ
ಲಂಡನ್‌ನಲ್ಲಿ ಒಳ್ಳೆ ಇಟಾಲಿಯನ್ ಊಟ ಅಂದ್ರೆ ಜೇಬು ಖಾಲಿ ಅನ್ನುವವರು ಬರೋ (Borough) ಮಾರ್ಕೆಟ್ ಪಕ್ಕದ ಪಡೆಲ್ಲಾ ಅನ್ನೋ ರೆಸ್ಟೋರೆಂಟ್‌ಗೆ ಹೋಗಿ ನೋಡಿ. 2016ರಲ್ಲಿ ಶುರುವಾದ ಜಾಗ. ಪಾಸ್ತಾ ಅಲ್ಲೇ ಕೈಯಲ್ಲಿ ಮಾಡುತ್ತಾರೆ. ನನ್ನ ಆಯ್ಕೆ ಯಾವಾಗಲೂ ಪೀಚಿ ಕಾಚೊ ಎ ಪೇಪೆ: ಮೊಟ್ಟೆ ಹಾಕದೆ ಹಿಟ್ಟು, ನೀರಲ್ಲಿ ಹೊಸೆದ ದಪ್ಪ ಎಳೆ, ಮೇಲೆ ಪಾರ್ಮೆಸಾನ್ ಚೀಸ್, ಬೆಣ್ಣೆ, ಕರಿಮೆಣಸು, ಅಷ್ಟೇ, ಕ್ರೀಮ್ ಇಲ್ಲದೆಯೂ ಸಾಸ್ ಪ್ರತಿ ಎಳೆಗೂ ಅಂಟಿಕೊಂಡಿರುತ್ತದೆ, ಮೆಣಸಿನ ಘಾಟು ಮೂಗಿಗೆ ಹೊಡೆಯುತ್ತದೆ. ತಟ್ಟೆ ಚಿಕ್ಕದು. ಹಸಿವು ಜಾಸ್ತಿ ಇದ್ದರೆ ಎರಡು ಬೇಕು, ಆದರೂ ಬಿಲ್ ಹೆದರಿಸುವುದಿಲ್ಲ. ಕ್ಯೂ ಇರುತ್ತದೆ, ಬೇಗ ಹೋಗಿ. ಕಟ್ಟಾ ಸಸ್ಯಾಹಾರಿಗಳು ಒಂದು ಗಮನಿಸಿ: ಪಾರ್ಮೆಸಾನ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಚೀಸ್ ಇಲ್ಲದ್ದು ಏನಿದೆ ಅಂತ ಆರ್ಡರ್ ಮಾಡೋ ಮೊದಲೇ ಕೇಳಿ.