ಸೋಸುವುದೋ, ಬಟ್ಟಿ ಇಳಿಸುವುದೋ?

ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೆ ಮಿಶ್ರಣಗಳ ಪಾಠ ಹೇಳುವವರು, ಬೇರ್ಪಡಿಸಬೇಕಾದ ವಸ್ತು ನೀರಿನಲ್ಲಿ ಕರಗಿದೆಯೇ ಇಲ್ಲವೇ ಎಂಬುದನ್ನು ನೋಡಿ ವಿಧಾನವನ್ನು ಆರಿಸಬೇಕು. ಕೆರೆಯ ಕೆಂಪು ನೀರನ್ನು ಒಂದು ರಾತ್ರಿ ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಹಾಕಿದ ಹಳೆಯ ಪಂಚೆಯಲ್ಲಿ ಸೋಸಿದರೆ, ಬಟ್ಟೆಯ ಮೇಲೆ ನುಣ್ಣನೆಯ ಮಣ್ಣಿನ ಲೇಪ ಉಳಿಯುತ್ತದೆ. ಖರ್ಚೂ ಇಲ್ಲ, ಮಕ್ಕಳು ಬೆರಳಿನಿಂದ ಮುಟ್ಟಿಯೂ ನೋಡಬಹುದು.

ಆದರೆ ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿರುವ, ಹೆಚ್ಚಾದರೆ ಹಲ್ಲು-ಮೂಳೆಗಳಿಗೆ ಹಾನಿ ಮಾಡುವ ಫ್ಲೋರೈಡ್ ಎಂಬ ಲವಣಾಂಶ ಕರಗಿಯೇ ಇರುವುದರಿಂದ ಬಟ್ಟೆಯಾಗಲಿ ಸೋಸುಕಾಗದವಾಗಲಿ ಅದನ್ನು ತಡೆಯಲಾರದು. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು: ನೀರಷ್ಟೇ ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡಿನ ಸಾಂದ್ರತೆ ಏರುತ್ತದೆ. ಆ ಆವಿಯನ್ನೇ ತಣಿಸಿ ಹಿಡಿಯುವ ಬಟ್ಟಿ ಇಳಿಸುವಿಕೆ ಫಲ ಕೊಡುತ್ತದೆಯಾದರೂ, ಒಂದು ಲೋಟ ನೀರಿಗೆ ಬೇಕಾಗುವ ಉರುವಲು ನೋಡಿದರೆ ಅದು ಪ್ರಯೋಗಕ್ಕೆ ಮಾತ್ರ ಸರಿ. ಕುಡಿಯುವ ನೀರಿಗೆ ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಕರಗಿದ ಲವಣಗಳನ್ನೂ ತಡೆಯುವ ಊರಿನ ಆರ್‌ಒ ಘಟಕವೇ ಮೇಲು.