ಜ್ಯಾಮಿತಿ ಚಿತ್ರಕ್ಕೆ ಟೇಪಾ, ಬರೀ ಬ್ರಶ್ಶಾ?

ಹಾಲ್ ಗೋಡೆಗೆ ತ್ರಿಕೋನ, ಚೌಕ, ಪಟ್ಟೆಗಳ ಕ್ಯಾನ್ವಾಸ್ ಮಾಡಬೇಕು ಅಂತಿದ್ದೀರಾ? ಗೆರೆ ನೇರವಾಗಿ ಬರೋದಕ್ಕೆ ಎರಡು ದಾರಿ ಇವೆ.

ಅಂಚು ಚೂಪಾಗಿರಬೇಕು ಅಂದ್ರೆ ಮಾಸ್ಕಿಂಗ್ ಟೇಪೇ (ಸುಲಭವಾಗಿ ಕಿತ್ತು ಬರುವ ಕಾಗದದ ಟೇಪ್) ಸರಿ. ಆದರೆ ಕ್ಯಾನ್ವಾಸ್ ನೇಯ್ದ ಬಟ್ಟೆ ಅಲ್ವಾ, ಎಳೆಗಳ ಸಂದಿಯಲ್ಲಿ ಬಣ್ಣ ಟೇಪಿನಡಿ ನುಸುಳುತ್ತದೆ. ಟೇಪನ್ನು ಉಗುರಿನಿಂದ ಒತ್ತಿ, ಅಂಚಿಗೆ ಮೊದಲು ಟೇಪಿನ ಕೆಳಗಿರುವ ಬಣ್ಣವನ್ನೇ ತೆಳುವಾಗಿ ಬಳಿಯಿರಿ. ನುಸುಳಿದರೂ ಅದೇ ಬಣ್ಣ, ಕಾಣುವುದಿಲ್ಲ, ಸಂದಿಯೂ ಮುಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಹೊಸ ಬಣ್ಣ ಹಚ್ಚಿ. ಅದು ಪೂರ್ತಿ ಒಣಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ. ತಡಮಾಡಿದರೆ ಅಕ್ರಿಲಿಕ್ ಬಣ್ಣದ ಪದರವೂ ಟೇಪಿನ ಜೊತೆ ಕಿತ್ತು ಬರಬಹುದು. ಕಾಯುವ ಕೆಲಸ ಮಾತ್ರ ಜಾಸ್ತಿ. ಒಂದು ಆಕಾರ ಒಣಗದೆ ಅದರ ಪಕ್ಕದ್ದಕ್ಕೆ ಟೇಪ್ ಹಚ್ಚುವಂತಿಲ್ಲ.

ಬ್ರಶ್ಶಿಗೆ ಈ ರಗಳೆಯಿಲ್ಲ. ಅರ್ಧ ಇಂಚಿನ ಚಪ್ಪಟೆ ಬ್ರಶ್, ಸ್ಕೇಲು, ತೆಳು ಪೆನ್ಸಿಲ್ ಗೆರೆ ಸಾಕು. ಗೆರೆ ಸ್ವಲ್ಪ ನಡುಗುತ್ತದೆ, ನಿಜ. ವೃತ್ತ, ಕಮಾನುಗಳಿದ್ದರೆ ಇದೇ ವಾಸಿ.

ಅಂದಹಾಗೆ, 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿದ್ದಾಗ, ನೇರ ಗೆರೆ, ಚೌಕಗಳ ಚಿತ್ರಗಳಿಗೆ ಹೆಸರಾದ ಡಚ್ ಚಿತ್ರಕಾರ ಮೊಂಡ್ರಿಯಾನ್ ಬಣ್ಣದ ಟೇಪ್ ಅಂಟಿಸಿ ಗೆರೆಗಳ ಜಾಗ ಬದಲಿಸಿ ನೋಡುತ್ತಿದ್ದರು. ಬ್ರಶ್ ಹಿಡಿಯುವವರೂ ಇದನ್ನು ಮಾಡಬಹುದು.

ನನ್ನ ಕೇಳಿದರೆ, ಗಾಢ ಬಣ್ಣದ ನೇರ ಗೆರೆಗಳಿಗೆ ಟೇಪ್. ಮಕ್ಕಳ ಜೊತೆ ಕೂತು ಮಾಡುವುದಾದರೆ ಬ್ರಶ್. ಪ್ಯಾಕಿಂಗಿನ ಕಂದು ಟೇಪ್ ಮಾತ್ರ ತರಬೇಡಿ, ಅದರ ಅಂಟು ಕ್ಯಾನ್ವಾಸಿನಲ್ಲೇ ಉಳಿದುಬಿಡುತ್ತದೆ.