ಕಾಲೇಜಿನ ರಂಗಮಂದಿರ: ಯಕ್ಷಗಾನದ ಆಟಕ್ಕೆ ಅಡ್ಡಿಯಿಲ್ಲ, ಮಳೆಗಾಲ ಬಿಟ್ಟು

ಶಿರಸಿ ಕಡೆಯ ಕಾಲೇಜೊಂದರ ಆವರಣದ ಈ ರಂಗಮಂದಿರ ಯಕ್ಷಗಾನಕ್ಕೂ ಬಾಡಿಗೆಗೆ ಸಿಗುತ್ತದೆ. ವೇದಿಕೆಯ ಅಗಲಕ್ಕೆ ಕೊರತೆಯಿಲ್ಲ. ತೊಂದರೆ ಇರುವುದು ನೆಲದಲ್ಲಿ. ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಮಂಡಿ ಹಾಕುವವರ, ಅಂದರೆ ಮೊಣಕಾಲೂರಿ ಸುತ್ತುವವರ ಮೊಣಕಾಲಂತೂ ಉಳಿಯುವುದಿಲ್ಲ. ದಪ್ಪ ಜಮಖಾನ ಹಾಸಿ, ಅಂಚಿಗೆ ಟೇಪ್ ಹಚ್ಚಿ. ಸಡಿಲ ಬಿಟ್ಟರೆ ಕಾಲಿಗೆ ಸಿಕ್ಕಿ ಮಡಿಚಿಕೊಳ್ಳುತ್ತದೆ.

ಧ್ವನಿ ಇನ್ನೊಂದು ತಲೆನೋವು. ಹಿಂದೆ ಬೋಳು ಸಿಮೆಂಟ್ ಗೋಡೆ, ಮೇಲೆ ತಗಡಿನ ಶೀಟು. ಚಂಡೆಯ ಪೆಟ್ಟು ಗೋಡೆಗೆ ಬಡಿದು ವಾಪಸು ಬಂದು, ಹಾಡುವ ಭಾಗವತರ ಪದ್ಯವನ್ನೇ ನುಂಗುತ್ತದೆ. ಹಿಮ್ಮೇಳದ (ಹಾಡು, ವಾದ್ಯದವರ) ಬೆನ್ನಿಗೆ ದಪ್ಪ ಪರದೆ ಇಳಿಬಿಡಿ. ಚಂಡೆಗೆ ಮೈಕ್ ಬೇಡವೇ ಬೇಡ. ಭಾಗವತರಿಗೊಂದು, ಮದ್ದಳೆಗೊಂದು, ಅರ್ಥಕ್ಕೆ (ಪಾತ್ರಧಾರಿಗಳ ಮಾತಿಗೆ) ಮುಂಭಾಗದಲ್ಲಿ ಎರಡು ಸಾಕು. ಸ್ಪೀಕರ್ ಮೈಕಿಗಿಂತ ಮುಂದಿರಲಿ, ಇಲ್ಲವಾದರೆ ಕೀರಲು ಶುರು. ಖಾಲಿ ಸಭಾಂಗಣದಲ್ಲಿ ಹೊಂದಿಸಿದ ಧ್ವನಿ ಜನ ತುಂಬಿದ ಮೇಲೆ ಮಂದವಾಗುತ್ತದೆ, ಮೊದಲ ಪದ್ಯಕ್ಕೇ ಮತ್ತೊಮ್ಮೆ ನೋಡಿಕೊಳ್ಳಬೇಕು.

ವೇಷ ಕಟ್ಟುವ ಕೋಣೆ, ಅಂದರೆ ಚೌಕಿ ವಿಶಾಲ. ಆದರೆ ಕನ್ನಡಿಯ ಮೇಲೆ ಬಿಳಿ ದೀಪ, ವೇದಿಕೆಯದೋ ಹಳದಿ. ಅಲ್ಲಿ ಸರಿಕಂಡ ಬಣ್ಣ ಇಲ್ಲಿ ಬೇರೆಯೇ ಆಗುತ್ತದೆ.

ಆಷಾಢದಲ್ಲಿ ಮಾತ್ರ ಬುಕ್ ಮಾಡಬೇಡಿ. ಶೀಟಿನ ಮೇಲೆ ಮಳೆ ಹೊಯ್ದರೆ ಅರ್ಥ ಕೇಳದು, ತೇವಕ್ಕೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಜನರೇಟರ್ ಇದೆ, ಡೀಸೆಲ್ ಖರ್ಚು ಬಾಡಿಗೆಯಲ್ಲಿ ಸೇರಿಲ್ಲ.